‘ಅಂತೆ’ ಎನ್ನಲು ಹೆದರಬೇಡಿ

ನಮಸ್ಕಾರ. ಶರಾವತಿ ಮುಳುಗಡೆಯ ಬಗ್ಗೆ ನೀವು ಕಳಿಸಿದ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ಮೂರನೇ ಪುಟದಲ್ಲಿ ಹುಡುಗಿಗೆ ತೋಟದಲ್ಲಿ ಉಂಬಳ (ಜಿಗಣೆ) ಕಚ್ಚುತ್ತದೆ, ಅವಳು ನೋವಿನಿಂದ ಚೀರುತ್ತಾಳೆ. ಉಂಬಳ ಕಚ್ಚಿದ್ದು ಗೊತ್ತೇ ಆಗಲ್ಲ ಅಲ್ವಾ? ಮನೆಗೆ ಬಂದು ಜಗಲಿಯಲ್ಲಿ ಕಾಲು ಚಾಚಿದಾಗ ಹಿಮ್ಮಡಿಯ ಹತ್ತಿರ ರಕ್ತ ಇಳಿದಿರುತ್ತದೆ, ಅದು ಹೊಟ್ಟೆ ತುಂಬಿ ಉದುರಿಹೋದ ಮೇಲೂ ರಕ್ತ ಬೇಗ ನಿಲ್ಲುವುದಿಲ್ಲ, ಬಟ್ಟೆ ಒತ್ತಿ ಹಿಡಿದು ಕೂರಬೇಕು, ಆಮೇಲೆ ದಿನಗಟ್ಟಲೆ ತುರಿಕೆ. ನೀವು ಮಲೆನಾಡಿನ ಸಾಗರದ ಕಡೆಯವರು. ನಿಮಗೂ ಕಚ್ಚಿರಲೇಬೇಕು. ಮತ್ತೆ ಈ ಚೀರಾಟ ಎಲ್ಲಿಂದ ಬಂತು? ಎಲ್ಲೋ ಓದಿದ್ದಿರಬೇಕು.

ಮುಂದೆ ಕೊನೆಗಾರ ಜೂನ್ ಮಳೆಯಲ್ಲಿ ಮರ ಹತ್ತಿ ಅಡಿಕೆ ಕೊನೆ ಇಳಿಸುತ್ತಾನೆ. ಆ ಹೊತ್ತಿಗೆ ಅವನು ಮರ ಹತ್ತುವುದು ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲು. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಇಳಿದಾಗ ಮೈ ಕೈ ಎಲ್ಲ ನೀಲಿ. ಕೊಯ್ಲು ಮಳೆ ಹಿಂದೆ ಸರಿದ ಮೇಲೆ.

ಇವು ಸಣ್ಣವು, ಪೆನ್ನು ಹಿಡಿದು ತಿದ್ದಬಹುದು. ದೊಡ್ಡ ತಕರಾರು ಬೇರೆ. ಶರಾವತಿಗೆ ಕಟ್ಟಿದ, ಊರುಗಳನ್ನು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಿಮಗೆ 26 ವರ್ಷ. ಕಥೆ ಹೇಳುವ ‘ನಾನು’ ಮಾತ್ರ ದೋಣಿಯಲ್ಲಿ ಕೂತು ಊರು ಮುಳುಗುವುದನ್ನು ನೋಡುತ್ತಾನೆ. ಕಥೆಯಲ್ಲಿ ಹಾಗೆ ಮಾಡಬಾರದು ಎಂದೇನಿಲ್ಲ. ಆದರೆ ನೀರು ಏರುತ್ತದೆ, ಜನ ಅಳುತ್ತಾರೆ, ಗುಡಿಯ ಗಂಟೆ ಬಾರಿಸುತ್ತದೆ, ಅಷ್ಟೇ. ಯಾವ ಅಣೆಕಟ್ಟಿನ ಕಥೆಗೆ ಬೇಕಾದರೂ ಇದನ್ನು ಅಂಟಿಸಬಹುದು.

ಜೊತೆಗಿಟ್ಟ ಪತ್ರದಲ್ಲಿ ಸುಮ್ನೆ ಒಂದು ಮಾತು ಬರೆದಿದ್ದೀರಿ ನೋಡಿ: ಅಜ್ಜಿ ಮುಳುಗಡೆಯ ಸುದ್ದಿ ಹೇಳುತ್ತಾ ಒರಳುಕಲ್ಲಿನ ವಿಷಯಕ್ಕೆ ಬಂದಾಗ ನಿಲ್ಲಿಸಿಬಿಡುತ್ತಾರೆ, ಗಾಡಿಯಲ್ಲಿ ಜಾಗ ಇಲ್ಲ ಎಂದು ಅದನ್ನು ಬಿಟ್ಟು ಬಂದರಂತೆ, ಮುಂದೇನಾಯ್ತು ಎಂದರೆ ಎದ್ದು ಕೊಟ್ಟಿಗೆಗೆ ಹೋಗುತ್ತಾರೆ. ಮುಳುಗಡೆ ಅಜ್ಜಿಯದು. ಅಜ್ಜಿ ಎದ್ದು ಹೋಗುವುದನ್ನು ಕಣ್ಣಾರೆ ಕಂಡವರು ನೀವು. ಅದನ್ನು ಬರೆಯಿರಿ. ‘ಬಿಟ್ಟು ಬಂದರು’ ಎಂದು ತಿದ್ದಲು ಹೋಗಬೇಡಿ, ‘ಬಂದರಂತೆ’ ಎಂದೇ ಇರಲಿ. ಕೇಳಿದ್ದನ್ನು ಕೇಳಿದ್ದು ಎಂದು ಹೇಳಲು ಕನ್ನಡದಲ್ಲಿ ಇಷ್ಟು ಚಿಕ್ಕ ಮಾತು ಇದೆ, ನಮ್ಮ ಬರಹಗಾರರು ಯಾಕೋ ಅದಕ್ಕೆ ನಾಚುತ್ತಾರೆ.

ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದ ವರ್ಷ, ಅದೇ ನೀರಿನಲ್ಲಿ ಮುಳುಗಿದ ಮಡೆನೂರಿನ ಹಳೇ ಅಣೆಕಟ್ಟು ಮೇಲೆ ಕಾಣಿಸುತ್ತದೆ. ಅಜ್ಜಿಯನ್ನು ಕರೆದು ನೋಡಿ. ಬರುವುದಿಲ್ಲ ಎಂದರೆ ಬಲವಂತ ಬೇಡ, ಹೇಗೆ ಹೇಳಿದರೋ ಹಾಗೇ ಬರೆದು ಕಳಿಸಿ. ಏಳು ಪುಟ ಸಾಕು.