ನಾರ್ತ್ ಬಕ್ಸ್‌ಟನ್ನಿನ ವಸ್ತುಸಂಗ್ರಹಾಲಯ ನೋಡಲು ಯೋಗ್ಯವೇ?
ಟೊರಾಂಟೊದಿಂದ ವಿಂಡ್ಸರ್‌ಗೆ ಹೋಗುವಾಗ ನಾರ್ತ್ ಬಕ್ಸ್‌ಟನ್ನಿನ ಚಿಕ್ಕ ವಸ್ತುಸಂಗ್ರಹಾಲಯಕ್ಕಾಗಿ ಹೆದ್ದಾರಿ ಬಿಟ್ಟು ಒಳದಾರಿ ಹಿಡಿಯುವುದು ಸಾರ್ಥಕವೇ ಎಂದು ಕೇಳಿದ್ದೀರಿ. ಅವಶ್ಯವಾಗಿ ಹೋಗಿ, ಅವಸರ ಮಾಡಬೇಡಿ. ಅಮೆರಿಕದ ಗುಲಾಮಗಿರಿಯಿಂದ ಜನರು ಕೆನಡಾಕ್ಕೆ ತಪ್ಪಿಸಿಕೊಂಡು ಬಂದ ಕಥೆಯನ್ನು ಹಲವೆಡೆ ಕೇಳಬಹುದು. ಹಾಗೆ ಬಂದವರು ಆಮೇಲೆ ಹೇಗೆ ಬಾಳಿದರೆಂಬುದನ್ನು ಅವರು ಉತ್ತ ನೆಲದಲ್ಲೇ ನಿಂತು ತಿಳಿಯುವ ಅವಕಾಶ ಅಪರೂಪ.

ಐರ್ಲೆಂಡ್ ಮೂಲದ ಪಾದ್ರಿ ವಿಲಿಯಂ ಕಿಂಗ್ ಸ್ವತಃ ಗುಲಾಮರ ಒಡೆಯರಾಗಿದ್ದವರು. ಅವರು ತಮ್ಮ ಅಧೀನದಲ್ಲಿದ್ದ 15 ಮಂದಿಯನ್ನು ಬಿಡುಗಡೆಗೊಳಿಸಿ, 1849ರಲ್ಲಿ ಸುಮಾರು 9,000 ಎಕರೆಯ ಈ ಕಾಡುನೆಲದಲ್ಲಿ, ಬಕ್ಸ್‌ಟನ್ ಎಂದೂ ಕರೆಯಲಾಗುವ ಎಲ್ಗಿನ್ ವಸಾಹತನ್ನು ಆರಂಭಿಸಿದರು. ಮರುವರ್ಷ ಅಮೆರಿಕದಲ್ಲಿ ಪಲಾಯನ ಮಾಡಿದ ಗುಲಾಮರನ್ನು ಹಿಡಿದೊಪ್ಪಿಸುವ ಕಾಯ್ದೆ ಬಿಗಿಯಾದಾಗ, ಗಡಿ ದಾಟಿ ಬರುವವರ ಸಂಖ್ಯೆ ಹೆಚ್ಚಿತು. ಇಲ್ಲಿ ಯಾರಿಗೂ ಭೂಮಿ ದಾನವಾಗಿ ಸಿಗಲಿಲ್ಲ: ಕಪ್ಪುವರ್ಣೀಯ ಕುಟುಂಬಗಳು 50 ಎಕರೆಯ ಹಿಡುವಳಿಯನ್ನು ಎಕರೆಗೆ ಎರಡೂವರೆ ಡಾಲರಿನಂತೆ, ಹತ್ತು ವರ್ಷಗಳ ಕಂತಿನಲ್ಲಿ ಕೊಳ್ಳಬೇಕಿತ್ತು. ಮನೆ ಕನಿಷ್ಠ 24 ಅಡಿ ಉದ್ದ, 18 ಅಡಿ ಅಗಲವಿರಬೇಕು, ರಸ್ತೆಯಿಂದ 33 ಅಡಿ ಹಿಂದೆ ಸರಿದಿರಬೇಕು, ಮುಂದೆ ಬೇಲಿ ಮತ್ತು ಹೂದೋಟವಿರಬೇಕು ಎಂಬ ನಿಯಮಗಳೂ ಇದ್ದವು. ಇವು ಕಟ್ಟುನಿಟ್ಟೆನಿಸಬಹುದು, ನಿಜ. ಆದರೆ ತಾವೇ ಮಾರಾಟದ ಸರಕಾಗಿದ್ದವರು ಹೊಲದ ಒಡೆಯರಾದದ್ದರ ಪರಿಣಾಮವನ್ನು ಗಮನಿಸಿ. ಆಸ್ತಿಯೊಂದಿಗೆ ಮತದಾನದ ಹಕ್ಕು ಬಂತು. ವಸಾಹತೇ ಬೇಡವೆಂದು ಹತ್ತಿರದ ಚಾಥಮ್ ಪಟ್ಟಣದಲ್ಲಿ ಚಳವಳಿ ನಡೆಸಿದ್ದ ಎಡ್ವಿನ್ ಲಾರ್ವಿಲ್ 1857ರ ಚುನಾವಣೆಯಲ್ಲಿ ಸೋತಾಗ, ಅವರ ವಿರುದ್ಧ ಬಿದ್ದ ಮತಗಳಲ್ಲಿ ಬಕ್ಸ್‌ಟನ್ನಿನವರ ಮತಗಳೂ ಇದ್ದವು. ನನ್ನ ದೃಷ್ಟಿಯಲ್ಲಿ ಈ ಊರಿನ ಚರಿತ್ರೆಯ ತಿರುಳು ಇದೇ.

ಆವರಣದಲ್ಲಿ 1861ರ ಶಾಲಾಕಟ್ಟಡವೂ ಆರಂಭಕಾಲದ ಒಂದು ಮರದ ದಿಮ್ಮಿಯ ಮನೆಯೂ ಉಳಿದಿವೆ. ಶಾಲೆಯಲ್ಲಿ ಬಹಳ ಹೊತ್ತು ಕಳೆಯಿರಿ. ವಸಾಹತಿನ ಮೊದಲ ಶಾಲೆಯಲ್ಲಿ ಲ್ಯಾಟಿನ್ ಸಹ ಕಲಿಸುತ್ತಿದ್ದರು. ಪಾಠ ಉತ್ತಮವಾಗಿದ್ದ ಕಾರಣ ಸುತ್ತಲಿನ ಬಿಳಿಯರೂ ತಮ್ಮ ಮಕ್ಕಳನ್ನು ಅಲ್ಲಿಗೇ ಕಳುಹಿಸಿದರು. ಕೆನಡಾದಲ್ಲಿ ಹುಟ್ಟಿ ವೈದ್ಯರಾಗಿ ಪರವಾನಗಿ ಪಡೆದ ಮೊದಲ ಕಪ್ಪುವರ್ಣೀಯರಾದ ಆಂಡರ್ಸನ್ ರಫಿನ್ ಅಬಟ್ ಅಲ್ಲಿ ಓದಿದವರು.

ಪಿಟ್ಸ್‌ಬರ್ಗಿನ ಕಪ್ಪುವರ್ಣೀಯರು 1850ರಲ್ಲಿ ಈ ವಸಾಹತಿಗೆ ಕಾಣಿಕೆಯಾಗಿ ಕಳುಹಿಸಿದ ಮೂಲ ಗಂಟೆ ಹತ್ತಿರದ ಸೌತ್ ಬಕ್ಸ್‌ಟನ್ನಿನ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿದೆ. ಅದನ್ನೂ ನೋಡಿ ಬನ್ನಿ. ಸಾಧ್ಯವಾದರೆ ಸೆಪ್ಟೆಂಬರಿನ ಕಾರ್ಮಿಕ ದಿನದ ವಾರಾಂತ್ಯದಲ್ಲಿ ಹೋಗಿ. 1924ರಿಂದ ನಡೆದುಬಂದಿರುವ ಊರಹಬ್ಬಕ್ಕೆ ಆಗ ಕೆನಡಾ ಮತ್ತು ಅಮೆರಿಕದ ನಾನಾ ಕಡೆಗಳಿಂದ ಮೂಲ ಕುಟುಂಬಗಳ ವಂಶಸ್ಥರು ಬರುತ್ತಾರೆ, ತಮ್ಮ ಮನೆತನದ ಚರಿತ್ರೆಯನ್ನು ಅವರೇ ನಿಮಗೆ ಹೇಳಬಲ್ಲರು.