ನಗರಸಭೆಯ ತುರ್ತು ತಂಡಕ್ಕೆ ಹಳೇ ವಾಕಿಟಾಕಿ ಬದಲು ಡಿಜಿಟಲ್ ಸೆಟ್ ತರುವುದಾದರೆ ಯಾವ ಕಂಪನಿಯದು ಒಳ್ಳೇದು?

ಚಿಕ್ಕಬಳ್ಳಾಪುರ ಜಿಲ್ಲೆಯ ನಗರಸಭೆಯೊಂದರಲ್ಲಿ ಕೆಲಸ ಮಾಡುತ್ತೇನೆ ಎಂದಿದ್ದೀರಿ. ಯಾವ ಕಂಪನಿ ಸೆಟ್ ತರಬೇಕು ಅನ್ನುವುದರ ಜೊತೆಗೆ, ಎಲ್ಲರ ಕೈಲೂ ಮೊಬೈಲ್ ಇರುವಾಗ ಇದೆಲ್ಲ ಸುಮ್ನೆ ಖರ್ಚಲ್ವಾ ಅಂತಲೂ ಕೇಳಿದ್ದೀರಿ. ನಾನು ಈ ಕಡೆಯೇ ವೈರ್‌ಲೆಸ್ ಸೆಟ್ ಕೂರಿಸುವ, ರಿಪೇರಿ ಮಾಡುವ ಕೆಲಸದವನು.

ಮೊಬೈಲ್ ವಿಷಯ ಮೊದಲು ಮುಗಿಸಿಬಿಡೋಣ. 2021ರ ನವೆಂಬರ್ ಮಳೆ ನೆನಪಿದೆಯಲ್ಲ? ಬರದ ಜಿಲ್ಲೆ ಅನ್ನಿಸಿಕೊಂಡ ನಮ್ಮಲ್ಲೂ ಕೆರೆಗಳು ಕೋಡಿ ಬಿದ್ದವು. ಅಂಥ ರಾತ್ರಿ ಕರೆಂಟ್ ಹೋದರೆ ಟವರ್‌ಗಳು ಬ್ಯಾಟರಿ ಮೇಲೆ ಎಷ್ಟು ಹೊತ್ತು ನಿಂತಾವು? ನಿಂತರೂ ಊರಿಗೆ ಊರೇ ಫೋನ್ ಹಿಡಿದು ಕೂತಿರುತ್ತದೆ. ಏರಿ ಮೇಲೆ ನಿಂತವನು ‘ಇಲ್ಲಿ ನೀರು ಜಿನುಗುತ್ತಿದೆ’ ಅಂದರೆ ಕಂಟ್ರೋಲ್ ರೂಮಿಗೆ, ಎಂಜಿನಿಯರಿಗೆ, ಜೆಸಿಬಿ ಜೊತೆ ಇರುವವನಿಗೆ ಒಂದೇ ಸಲ ಕೇಳಬೇಕು. ಗುಂಡಿ ಒತ್ತಿದರೆ ಆ ಕೆಲಸ ಆಗುವುದು ವಾಕಿಟಾಕಿಯಲ್ಲಿ.

ಇನ್ನು ಸೆಟ್. ಕಂಪನಿ ಹೆಸರು ಆಮೇಲೆ ನೋಡಿ, ದುಡ್ಡನ್ನು ಮೊದಲು ಬೆಟ್ಟದ ಮೇಲೆ ಹಾಕಿ. ಇಂಥ ಸೆಟ್ಟುಗಳು ಬಳಸುವ ವಿಎಚ್‌ಎಫ್ ರೇಡಿಯೋ ತರಂಗ ಹೆಚ್ಚುಕಮ್ಮಿ ಕಣ್ಣಿಗೆ ಕಾಣುವಷ್ಟು ದೂರವೇ ಹೋಗುವುದು. ಊರೊಳಗೆ ಕೈ ಸೆಟ್ಟಿನಿಂದ ಕೈ ಸೆಟ್ಟಿಗೆ ಎರಡು ಮೂರು ಕಿಲೋಮೀಟರ್ ಸಿಕ್ಕರೆ ಪುಣ್ಯ. ರಿಪೀಟರ್, ಅಂದರೆ ಒಂದು ಸೆಟ್ಟಿನ ಮಾತು ಹಿಡಿದು ಜೋರಾಗಿ ಮತ್ತೆ ಬಿತ್ತರಿಸುವ ಪೆಟ್ಟಿಗೆ, ಎತ್ತರದಲ್ಲಿದ್ದರೆ ಕಥೆಯೇ ಬೇರೆ. ನಂದಿ ಬೆಟ್ಟದ ಎತ್ತರ 1,478 ಮೀಟರ್, ಕೆಳಗಿನ ನೆಲಕ್ಕಿಂತ ಸುಮಾರು 500 ಮೀಟರ್ ಮೇಲೆ. ಸಮನೆಲವಾಗಿದ್ದರೆ ಅಲ್ಲಿಂದ ಲೆಕ್ಕದ ಪ್ರಕಾರ 90 ಕಿಲೋಮೀಟರ್ ತನಕ ಸಿಗಬೇಕು. ಆದರೆ ಸ್ಕಂದಗಿರಿ ಅಡ್ಡ ಬರುತ್ತೆ, ಗುಡಿಬಂಡೆ ಕಡೆ ಗುಡ್ಡಗಳು ಅಡ್ಡ ಬರುತ್ತವೆ. ನಿಮ್ಮ ನಗರಸಭೆಗೆ ನಂದಿಯೇ ಬೇಕಿಲ್ಲ, ಊರು ಕಾಣುವ ಗುಡ್ಡ ಸಾಕು. ಟೆಂಡರಿಗೆ ಮುಂಚೆ ಅಲ್ಲಿ ತಾತ್ಕಾಲಿಕವಾಗಿ ಒಂದು ರಿಪೀಟರ್ ಇಟ್ಟು, ಪ್ರತಿ ಕೆರೆ ಏರಿಗೂ ರಾಜಕಾಲುವೆಗೂ ಹೋಗಿ ಮಾತಾಡಿ ನೋಡಿ. ಕೇಳದ ಜಾಗ ನಕ್ಷೆಯಲ್ಲಿ ಗುರುತು ಹಾಕಿ.

ಬೆಟ್ಟದ ಮೇಲೆ ತಾಪತ್ರಯ ಜಾಸ್ತಿ. ನಮ್ಮದೆಲ್ಲ ಹೆಬ್ಬಂಡೆ, ಅರ್ತಿಂಗ್ ಗುಂಡಿ ತೋಡಲು ಮಣ್ಣೇ ಇಲ್ಲ. ತಾಮ್ರದ ಪಟ್ಟಿಯನ್ನು ಮಣ್ಣು ಸಿಗುವ ತನಕ ಕೆಳಗೆ ಎಳೆದು ತರಬೇಕು. ಬಂಡೆಗೆ ಒಂದು ಕಂಬಿ ಬಡಿದು ಬಿಲ್ ಮಾಡಿಕೊಳ್ಳುವ ಗುತ್ತಿಗೆದಾರರಿದ್ದಾರೆ, ಹುಷಾರು. ಸಿಡಿಲು ಬಡಿದಾಗ ಹೋಗುವುದು ನಿಮ್ಮ ರಿಪೀಟರ್. ಕೇಬಲ್ಲನ್ನು ಕಬ್ಬಿಣದ ಪೈಪಿನೊಳಗೆ ಹಾಯಿಸಿ, ಕೋತಿಗಳು ರಬ್ಬರ್ ಕಂಡರೆ ಕಚ್ಚಿ ಹಾಕುತ್ತವೆ. ಒಂದು ಕಡೆ ‘ಸೆಟ್ಟುಗಳೆಲ್ಲ ಹಳೇದಾಗಿವೆ, ದೂರ ಹೋಗ್ತಿಲ್ಲ’ ಅಂತ ಹೊಸದಕ್ಕೆ ಕಡತ ಓಡಾಡುತ್ತಿತ್ತು. ಕಂಬ ಹತ್ತಿ ಆಂಟೆನಾ ಬುಡದ ಟೇಪ್ ಬಿಚ್ಚಿದೆ. ಕನೆಕ್ಟರಿನೊಳಗೆ ಹಸಿರು ಕಿಲುಬು, ಅಲ್ಲಾಡಿಸಿದರೆ ನೀರು. ಕೇಬಲ್ ಬದಲಾಯಿಸಿದ ಮೇಲೆ ಅದೇ ಹಳೇ ಸೆಟ್ಟುಗಳು ಮೊದಲಿನಂತೆ ಕೇಳಿದವು.

ಹಾಗಂತ ಡಿಜಿಟಲ್ ಬೇಡ ಅಂತಲ್ಲ. ಡಿಎಂಆರ್ ಅನ್ನುವ ಡಿಜಿಟಲ್ ಪದ್ಧತಿಯಲ್ಲಿ 12.5 ಕಿಲೋಹರ್ಟ್ಸ್‌ನ ಒಂದೇ ಚಾನೆಲ್‌ನಲ್ಲಿ ಎರಡು ಮಾತುಕತೆ ನಡೆಯುತ್ತವೆ, ಬ್ಯಾಟರಿಯೂ ಜಾಸ್ತಿ ಬಾಳುತ್ತೆ. ಆದರೆ ಒಂದು ಗುಣ ತಿಳಿದಿರಲಿ. ಅನಲಾಗ್, ಅಂದರೆ ಹಳೇ ಬಗೆಯ ಸೆಟ್ ಆದರೆ ಸಿಗ್ನಲ್ ಕಮ್ಮಿಯಾದಂತೆ ಗೊರಗೊರ ಅಂತ ಸುಳಿವು ಕೊಡುತ್ತದೆ. ಡಿಜಿಟಲ್ ಕೊನೆ ತನಕ ಚೆನ್ನಾಗಿ ಕೇಳಿ, ಗಕ್ಕನೆ ನಿಂತುಬಿಡುತ್ತದೆ. ಅದಕ್ಕೇ ಎರಡೂ ಬಗೆಯಲ್ಲಿ ನಡೆಯುವ ರಿಪೀಟರ್ ತೆಗೆದುಕೊಂಡು, ಹಳೇ ಸೆಟ್ಟುಗಳನ್ನು ಒಂದೆರಡು ಮಳೆಗಾಲ ಇಟ್ಟುಕೊಳ್ಳಿ. ರಿಪೀಟರ್ ಇಲ್ಲದೆ ನೇರ ಮಾತಾಡುವ ಚಾನೆಲ್ ಒಂದು ಎಲ್ಲ ಸೆಟ್ಟಲ್ಲೂ ಇರಲೇಬೇಕು.

ಲೈಸೆನ್ಸ್ ಕೊಡುವುದು ಕೇಂದ್ರ ದೂರಸಂಪರ್ಕ ಇಲಾಖೆಯಲ್ಲಿ ಫ್ರೀಕ್ವೆನ್ಸಿ ಹಂಚುವ ಡಬ್ಲ್ಯುಪಿಸಿ ವಿಭಾಗ, ಅರ್ಜಿ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ಸಮಯ ಹಿಡಿಯುತ್ತೆ, ಈಗಲೇ ಶುರುಮಾಡಿ. ಆನ್‌ಲೈನಲ್ಲಿ ಅಗ್ಗಕ್ಕೆ ಸಿಗುವ ಸೆಟ್ ತಂದು ಸಿಕ್ಕ ಫ್ರೀಕ್ವೆನ್ಸಿ ಹಾಕಿಕೊಳ್ಳಬೇಡಿ.

ಇನ್ನೊಂದು ಮಾತು. ಪ್ರೋಗ್ರಾಮಿಂಗ್ ಸಾಫ್ಟ್‌ವೇರ್, ಕೇಬಲ್, ಪಾಸ್‌ವರ್ಡ್ ಮೂರೂ ನಗರಸಭೆಯ ಕೈಗೆ ಬರಬೇಕು ಅಂತ ಟೆಂಡರಲ್ಲಿ ಬರೆಸಿ. ಇಲ್ಲದಿದ್ದರೆ ಒಂದು ಚಾನೆಲ್ ಬದಲಾಯಿಸಲೂ ಮಾರಿದವರನ್ನೇ ಕರೆಸಬೇಕು.