ಸ್ಕ್ಯಾನ್ ಹಾಕಿದ್ದೀವಿ, ಕಣ್ಣು ಕಾಣದವರು ಓದೋದು ಹೇಗೆ?

ಮಂಡ್ಯದಿಂದ ಬಂದ ಒಂದು ಪತ್ರ ಓದಿದ ಮೇಲೆ, ಅದೇ ವಿಷಯಕ್ಕೆ ಹತ್ತಿರದ ಇನ್ನೂ ಕೆಲವು ಪತ್ರಗಳನ್ನು ಕಟ್ಟಿನಿಂದ ಹುಡುಕಿ ತೆಗೆದೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ನಾವು ಐದಾರು ಗೆಳೆಯರು ಸೇರಿ ಜಿಲ್ಲೆಯ ಹಳೆಯ ಪತ್ರಿಕೆ, ಕರಪತ್ರ, ಜಾತ್ರೆಯ ಫೋಟೊ, ಸೋಬಾನೆ ಪದದ ಧ್ವನಿಮುದ್ರಣ ಎಲ್ಲ ಕೂಡಿಸಿ ಒಂದು ಜಾಲತಾಣ ಮಾಡಿದ್ದೇವೆ. ಹೋದ ತಿಂಗಳು ದೃಷ್ಟಿ ಇಲ್ಲದ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ ಫೋನ್ ಮಾಡಿ "ಸರ್, ನಿಮ್ಮ ತಾಣದಲ್ಲಿ ನನಗೆ ಒಂದಕ್ಷರವೂ ಸಿಗಲಿಲ್ಲ" ಎಂದರು. ಎಲ್ಲವನ್ನೂ ಸ್ಫುಟವಾಗಿ ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕಿದ್ದೇವಲ್ಲ, ತಪ್ಪೆಲ್ಲಿ? (ನಿವೃತ್ತ ಮೇಷ್ಟ್ರು, ಮಂಡ್ಯ)

ಉತ್ತರ: ಆ ಹುಡುಗ ಹೇಳಿದ್ದು ನಿಜ ಮೇಷ್ಟ್ರೇ. ನಿಮ್ಮ ತಾಣದಲ್ಲಿ ಅಕ್ಷರ ಇಲ್ಲ. ಇರುವುದು ಅಕ್ಷರದ ಫೋಟೊ.

ಕಣ್ಣು ಕಾಣದವರು ಮೊಬೈಲು, ಕಂಪ್ಯೂಟರು ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ಮೂಲಕ. ಪರದೆಯ ಮೇಲಿನ ಪಠ್ಯವನ್ನು ಅದು ಓದಿ ಹೇಳುತ್ತದೆ. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಮೊದಲೇ ಇರುತ್ತದೆ. ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಇದೆ, ಪೂರಾ ಉಚಿತ. 2006ರಲ್ಲಿ ಅದನ್ನು ಶುರು ಮಾಡಿದ ಆಸ್ಟ್ರೇಲಿಯಾದ ಮೈಕಲ್ ಕರನ್ ಅವರಿಗೂ ದೃಷ್ಟಿ ಇಲ್ಲ. ಎರಡರಲ್ಲೂ ಕನ್ನಡದ ದನಿ ಹಾಕಿಕೊಳ್ಳಬಹುದು. ಆದರೆ ಓದಲು ಒಳಗೆ ಪಠ್ಯ ಇರಬೇಕು ಅಲ್ವಾ? ಬರೀ ಚಿತ್ರ ಇದ್ದರೆ "ಖಾಲಿ ಪುಟ" ಎನ್ನುತ್ತದೆ, ಇಲ್ಲವೇ ಸುಮ್ಮನಾಗುತ್ತದೆ.

ಸ್ಕ್ಯಾನ್‌ಗಿಂತ ಕಷ್ಟದ್ದು ಇನ್ನೊಂದಿದೆ, ನಿಮ್ಮ ಸಂಗ್ರಹದಲ್ಲೂ ಇದ್ದೇ ಇರುತ್ತದೆ. ಹಳೆಯ ಫಾಂಟುಗಳಲ್ಲಿ ಡಿಟಿಪಿ ಮಾಡಿದ, ಅಂದರೆ ಅಚ್ಚಿಗಾಗಿ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಫೈಲುಗಳು. ನೋಡಲು ಚೊಕ್ಕ ಕನ್ನಡ. ಒಳಗಿರುವುದು ಬೇರೆ. ನುಡಿ ಎಂಬ ಹಳೆಯ ಫಾಂಟಿನಲ್ಲಿ "ಕನ್ನಡ" ಎಂದು ಟೈಪ್ ಮಾಡಿದರೆ ಕಂಪ್ಯೂಟರಿನ ಒಳಗೆ ಕೂರುವುದು ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಹಣದ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ಕ್ಯೂ, ಕೊನೆಗೆ ಮತ್ತೆ ಅದೇ ಎ. ಫಾಂಟು ಅದಕ್ಕೆ ಕನ್ನಡದ ಅಂಗಿ ತೊಡಿಸಿ ನಮಗೆ ತೋರಿಸುತ್ತದೆ. ಸ್ಕ್ರೀನ್ ರೀಡರಿಗೆ ಅಂಗಿ ಕಾಣುವುದಿಲ್ಲ.

ಮಾನಸಗಂಗೋತ್ರಿಯಲ್ಲಿ ಕನ್ನಡ ಎಂಎ ಮಾಡುತ್ತಿದ್ದ, ದೃಷ್ಟಿ ಇಲ್ಲದ ಒಬ್ಬ ಗೆಳೆಯನ ಪಕ್ಕ ಕೂತು ನಾನಿದನ್ನು ಕೇಳಿದ್ದೇನೆ. ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ, ಸಂಜೆ ಹೊತ್ತು. ಪರೀಕ್ಷೆಗೆ ಬೇಕಿದ್ದ ಶಾಸನದ ಲೇಖನ ಒಂದನ್ನು ಫೋನಿನಲ್ಲಿ ತೆರೆದ. ಫೋನು "ಪಿ, ಎ, ಪೌಂಡ್, ಎ" ಅಂತ ಶುರು ಮಾಡಿತು. ಎರಡು ಸೆಕೆಂಡ್ ಕೇಳಿ ಬೆರಳಿನಿಂದ ಪಕ್ಕಕ್ಕೆ ತಳ್ಳಿಬಿಟ್ಟ. "ನುಡಿ ಫೈಲು" ಎಂದ, ಅಷ್ಟೇ. ಸಿಟ್ಟೂ ಬರಲಿಲ್ಲ ಅವನಿಗೆ, ಅಷ್ಟು ಅಭ್ಯಾಸವಾಗಿಬಿಟ್ಟಿದೆ. ಆ ಅಭ್ಯಾಸವೇ ನನಗೆ ಇವತ್ತಿಗೂ ಚುಚ್ಚುತ್ತದೆ, ಯಾಕೆಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ, ಆಮೇಲೂ ಎಷ್ಟೋ ವರ್ಷ ನಾವು ಹೀಗೆ ಟೈಪ್ ಮಾಡಿ ಇಟ್ಟಿದ್ದೇವೆ.

ಹಾಗಾಗಿ ಡಿಟಿಪಿ ಫೈಲುಗಳನ್ನು ಮೊದಲು ಹಿಡಿಯಿರಿ. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಕೆಲಸ ಬೇಗ ಆಗುತ್ತದೆ, ತಪ್ಪೂ ಕಡಿಮೆ. ಸ್ಕ್ಯಾನ್‌ಗಳಿಗೆ ಒಸಿಆರ್ ಬೇಕು, ಅಂದರೆ ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಠ್ಯ ಮಾಡುವ ತಂತ್ರಾಂಶ. ಟೆಸೆರಾಕ್ಟ್ ಕನ್ನಡ ಓದುತ್ತದೆ, ಗೂಗಲ್ ಡ್ರೈವ್ ಕೂಡ ಓದುತ್ತದೆ. ಮೊಳೆ ಅಚ್ಚಿನ ಹಳೆಯ ಪುಟದಲ್ಲಿ ತಪ್ಪು ಜಾಸ್ತಿ. ಹೊಟ್ಟೆ ಸೀಳು ಮಾಸಿದ್ದರೆ ಧ ಹೋಗಿ ದ ಆಗುತ್ತದೆ, ಸೊನ್ನೆಯ ಜಾಗದಲ್ಲಿ ಅಂಕಿ ಸೊನ್ನೆ ಬಂದು ಕೂರುತ್ತದೆ, ಕೆಲವು ಕಡೆ ಒತ್ತು ಪೂರ್ತಿ ಕಳಚಿಹೋಗಿರುತ್ತದೆ.

ಎಲ್ಲ ತಿದ್ದಿದ ಮೇಲೆ ಹಾಕೋಣ ಅಂತ ಕಾಯಬೇಡಿ. "ಇದು ಯಂತ್ರ ಓದಿದ ಪಠ್ಯ, ಇನ್ನೂ ತಿದ್ದಿಲ್ಲ" ಎಂದು ಮೇಲೆ ಬರೆದು ಸ್ಕ್ಯಾನ್ ಪಕ್ಕದಲ್ಲೇ ಹಾಕಿ. ಅರ್ಧಂಬರ್ಧ ಪಠ್ಯದಲ್ಲೂ ತನಗೆ ಬೇಕಾದ ಹೆಸರು, ಊರು, ಇಸವಿ ಹುಡುಕಿಕೊಳ್ಳಲು ಆ ಹುಡುಗನಿಗೆ ದಾರಿ ಆಗುತ್ತದೆ. ಆಮೇಲೆ ಜನ ಜಾಸ್ತಿ ಕೇಳುವ ಸಂಚಿಕೆಗಳಿಂದ ತಿದ್ದುತ್ತಾ ಬನ್ನಿ. ಕನ್ನಡ ವಿಕಿಸೋರ್ಸ್‌ನಲ್ಲಿ ಒಂದು ಕಡೆ ಪುಟದ ಚಿತ್ರ, ಇನ್ನೊಂದು ಕಡೆ ಪಠ್ಯ ಇಟ್ಟು ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ನೋಡುವ ಪದ್ಧತಿ ಇದೆ. ನಿಮಗೆ ಹೇಳಿ ಮಾಡಿಸಿದ ಹಾಗಿದೆ. ಕಾಗುಣಿತದಲ್ಲಿ ಮೇಷ್ಟ್ರುಗಳಿಗಿಂತ ಕಣ್ಣು ಚುರುಕಾದವರು ಯಾರಿದ್ದಾರೆ!

ಪ್ರಶ್ನೆ: ನಾನು ಇಂಥದೇ ಒಂದು ಸಂಗ್ರಹದ ತಾಣ ನೋಡಿಕೊಳ್ಳುವ ಡೆವಲಪರ್. ಒಂದು ಸಾಲು ಕೋಡ್ ಸೇರಿಸಿದರೆ ಸಾಕು, ತಾಣ ಅಂಗವಿಕಲರಿಗೆ ಪೂರ್ತಿ ಸಿದ್ಧ ಎಂದು ಒಂದು ಟೂಲ್ ಮಾರಲು ಬಂದಿದ್ದಾರೆ. ತಗೊಳ್ಳಬಹುದಾ? (ಕುವೆಂಪುನಗರ, ಮೈಸೂರು)

ಉತ್ತರ: ಬೇಡ. ಆ ದುಡ್ಡನ್ನು ಉಳಿಸಿ.

ಮೂಲೆಯಲ್ಲಿ ಗಾಲಿಕುರ್ಚಿಯ ಗುರುತು ಕಾಣಿಸುವ ಇಂಥ ಟೂಲುಗಳು ನಿಮ್ಮ ಸ್ಕ್ಯಾನ್ ಪುಟವನ್ನು ಪಠ್ಯ ಮಾಡುವುದಿಲ್ಲ, ಡಬ್ಬಾ ಕೋಡನ್ನು ಸರಿ ಮಾಡುವುದಿಲ್ಲ. ಬಳಸುವವರ ಸ್ವಂತ ಸ್ಕ್ರೀನ್ ರೀಡರ್ ಜೊತೆ ಜಗಳಕ್ಕೆ ಬೀಳುವುದೂ ಉಂಟು. ಇಂಥದೇ ಹುಸಿ ಭರವಸೆ ಕೊಟ್ಟಿತೆಂದು ಒಂದು ಕಂಪನಿಗೆ 10 ಲಕ್ಷ ಡಾಲರ್ ಕಟ್ಟುವಂತೆ 2025ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆದೇಶ ಮಾಡಿದೆ.

ಅದರ ಬದಲು ಇವತ್ತೇ ಮೌಸ್ ಬಿಚ್ಚಿ ಪಕ್ಕಕ್ಕಿಡಿ. ಬರೀ ಟ್ಯಾಬ್, ಎಂಟರ್, ಬಾಣದ ಕೀಲಿ ಬಳಸಿ ಮುಖಪುಟದಿಂದ ಹೊರಟು ಒಂದು ಹಳೆಯ ಸಂಚಿಕೆ ತೆರೆದು ಡೌನ್‌ಲೋಡ್ ಮಾಡಿ ನೋಡಿ. ಕೈ ನಡುಗುವವರು, ಮೌಸ್ ಹಿಡಿಯಲಾಗದವರು ಬರುವುದು ಇದೇ ದಾರಿಯಲ್ಲಿ. ಈಗ ಎಲ್ಲಿದ್ದೇನೆ ಎಂದು ತೋರಿಸುವ ಚೌಕಟ್ಟು ಕಾಣುತ್ತಿದೆಯಾ? ಚೆನ್ನಾಗಿ ಕಾಣಲ್ಲ ಅಂತ ಎಷ್ಟೋ ಡಿಸೈನರ್‌ಗಳು ಅದನ್ನು ಅಳಿಸಿಬಿಡುತ್ತಾರೆ. ವಾಪಸ್ ಹಾಕಿ.

ಆಮೇಲೆ ಎನ್‌ವಿಡಿಎ ಇಳಿಸಿಕೊಂಡು ಕಣ್ಣು ಮುಚ್ಚಿ ಕೇಳಿ. ಅದರಲ್ಲಿ ಎಚ್ ಒತ್ತಿದರೆ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಾರಬಹುದು. ಆದರೆ ಬರೀ ಅಕ್ಷರ ದಪ್ಪ ಮಾಡಿ "ಇದೇ ಶೀರ್ಷಿಕೆ" ಎಂದು ಬಿಟ್ಟಿದ್ದರೆ ಹಾರಲು ಏನೂ ಇರುವುದಿಲ್ಲ, ನಾನೂರು ಸಂಚಿಕೆಯ ಪಟ್ಟಿಯನ್ನು ಮೊದಲಿನಿಂದ ಕೊನೆವರೆಗೆ ಕೇಳುತ್ತಾ ಕೂರಬೇಕು. ಹುಡುಕುವ ಪೆಟ್ಟಿಗೆಗೆ ಹೆಸರು ಕೊಡದಿದ್ದರೆ ಅದು ಬರೀ "ಎಡಿಟ್, ಬ್ಲ್ಯಾಂಕ್" ಎನ್ನುತ್ತದೆ. ಇನ್ನೊಂದು, ನಮ್ಮಲ್ಲಿ ತುಂಬಾ ಕಡೆ ಕಾಣುವ ತಪ್ಪು: ಟೆಂಪ್ಲೇಟ್ ಇಂಗ್ಲಿಷಿನದು, ಹಾಗಾಗಿ ಪುಟದ ಭಾಷೆ ಇಂಗ್ಲಿಷ್ ಎಂದೇ ಕೋಡಿನಲ್ಲಿ ಉಳಿದಿರುತ್ತದೆ. ಸ್ಕ್ರೀನ್ ರೀಡರ್ ಆಗ ಇಂಗ್ಲಿಷ್ ದನಿಯಲ್ಲಿ ಕನ್ನಡ ಓದಲು ಒದ್ದಾಡುತ್ತದೆ. ಭಾಷೆಯ ಜಾಗದಲ್ಲಿ ಕೆ ಎನ್ ಎಂಬ ಎರಡಕ್ಷರ ಹಾಕಿದರೆ ಮುಗಿಯಿತು, ಅರ್ಧ ನಿಮಿಷದ ಕೆಲಸ. ಡೌನ್‌ಲೋಡ್‌ಗೆ ಮುಂಚೆ ವಕ್ರವಕ್ರ ಅಕ್ಷರದ ಚಿತ್ರ ತೋರಿಸಿ "ಇದನ್ನು ಟೈಪ್ ಮಾಡಿ" ಎನ್ನುವ ಕ್ಯಾಪ್ಚಾ ಇದ್ದರೆ ದಯವಿಟ್ಟು ತೆಗೆಯಿರಿ, ಕಣ್ಣಿಲ್ಲದವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ ಅದು.

ಅಳತೆಗೋಲು ಬೇಕೆಂದರೆ, ತಾಣ ಅಂಗವಿಕಲರಿಗೂ ಎಟುಕುವಂತೆ ಮಾಡಲು ಡಬ್ಲ್ಯುಸಿಎಜಿ ಎಂಬ ಮಾರ್ಗಸೂಚಿ ಇದೆ, ಅದರ 2.2ನೇ ಆವೃತ್ತಿ 2023ರ ಅಕ್ಟೋಬರ್‌ನಲ್ಲಿ ಬಂತು. ಮೂರು ಹಂತಗಳಲ್ಲಿ ನಡುವಿನ ಎಎ ಹಂತ ಮುಟ್ಟಿದರೆ ನಿಮ್ಮ ತಾಣ ಒಳ್ಳೆ ಸ್ಥಿತಿಯಲ್ಲಿದೆ ಎಂದರ್ಥ. ಇದೆಲ್ಲ ಉಪಕಾರ ಅಂದುಕೊಳ್ಳಬೇಡಿ. ಡಿಜಿಟಲ್ ಸೇವೆ ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ.

ಪ್ರಶ್ನೆ: ನನ್ನ ಮಗಳಿಗೆ ಕಿವಿ ಕೇಳಿಸುವುದಿಲ್ಲ. ಜಾನಪದ ಎಂದರೆ ಪ್ರಾಣ. ತಾಣಗಳಲ್ಲಿ ಅಜ್ಜಿಯರ ಹಾಡು, ಮಾತು ಬೇಕಾದಷ್ಟಿವೆ, ಅವಳಿಗೆ ಮಾತ್ರ ಏನೂ ಇಲ್ಲ. (ಸರಸ್ವತಿಪುರಂ, ಮೈಸೂರು)

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಮೇಲಿನ ಮಂಡ್ಯದ ಗೆಳೆಯರಿಗೂ ಕಳಿಸುತ್ತಿದ್ದೇನೆ. ಅವರಿಗೇ ಇಲ್ಲಿ ಹೇಳುತ್ತೇನೆ.

ಪ್ರತಿ ಧ್ವನಿಮುದ್ರಣದ ಕೆಳಗೆ ಅದರ ಪೂರ್ತಿ ಪಠ್ಯ ಇರಬೇಕು, ವಿಡಿಯೊ ಆದರೆ ಪರದೆಯ ಮೇಲೆ ಸಾಲು ಬರಬೇಕು. ಅಜ್ಜಿ "ಒಸಿ ತಡ್ಕಳವ್ವ" ಎಂದಿದ್ದರೆ ಹಾಗೇ ಬರೆಯಿರಿ. ಅದನ್ನು "ಸ್ವಲ್ಪ ತಾಳು" ಎಂದು ತಿದ್ದಿದರೆ, ಕೇಳಿಸಿಕೊಳ್ಳುವವರಿಗೆ ಸಿಗುವ ಮಂಡ್ಯದ ಸೊಗಡು ಈ ಹುಡುಗಿಗೆ ಸಿಗುವುದೇ ಇಲ್ಲ. ಅರ್ಥವಾಗದ ಪದಕ್ಕೆ ಪಕ್ಕದಲ್ಲಿ ಅರ್ಥ ಕೊಡಿ, ಮೂಲ ಮಾತು ಕೆಡಿಸಬೇಡಿ. ಮಾತು ಮಾತ್ರ ಅಲ್ಲ, ಸದ್ದೂ ಬರೆಯಬೇಕು. ತಮಟೆ ಶುರುವಾಯಿತು, ಹಿಂದೆ ಸೊಲ್ಲು ಹಿಡಿಯುವ ಹೆಂಗಸರು ನಕ್ಕರು, ಅಜ್ಜಿಯ ದನಿ ಗದ್ಗದವಾಯಿತು, ಇವೆಲ್ಲ ಹಾಡಿನ ಭಾಗವೇ.

ಕೆಲಸ ದೊಡ್ಡದು, ಸುಳ್ಳು ಹೇಳಲ್ಲ. ಒಂದು ಗಂಟೆಯ ಮಾತಿಗೆ ಇಡೀ ದಿನ ಹಿಡಿಯಬಹುದು. ನೇರವಾಗಿ ಧ್ವನಿಮುದ್ರಣವನ್ನು ಯಂತ್ರಕ್ಕೆ ಕೊಟ್ಟರೆ ಹಳ್ಳಿ ಮಾತು, ತಮಟೆ, ಗಾಳಿ ಎಲ್ಲ ಕಲಸಿಹೋಗುತ್ತದೆ. ಒಂದು ಉಪಾಯ ಇದೆ. ಒಬ್ಬರು ಇಯರ್‌ಫೋನ್ ಹಾಕಿಕೊಂಡು ಅಜ್ಜಿಯ ಮಾತು ಕೇಳುತ್ತಾ, ಅದನ್ನೇ ನಿಧಾನವಾಗಿ ತಮ್ಮ ಬಾಯಲ್ಲಿ ಫೋನಿನ ಕನ್ನಡ ವಾಯ್ಸ್ ಟೈಪಿಂಗ್‌ಗೆ ಹೇಳುವುದು, ಆಮೇಲೆ ಕೂತು ತಿದ್ದುವುದು. ಟೈಪ್ ಬಾರದವರೂ ಹೀಗೆ ಕೈಜೋಡಿಸಬಹುದು. ಮತ್ತೆ, ಸಂಜ್ಞಾ ಭಾಷೆಯಲ್ಲೇ ಬೆಳೆದ ಎಷ್ಟೋ ಮಕ್ಕಳಿಗೆ ಬರೆದ ಕನ್ನಡ ಎರಡನೇ ಭಾಷೆ. ಅದಕ್ಕೇ ಪಠ್ಯದ ಮೇಲೆ ನಾಲ್ಕು ಸರಳ ಸಾಲಿನಲ್ಲಿ, ಇದು ಯಾರ ಹಾಡು, ಯಾವ ಹೊತ್ತಿನಲ್ಲಿ ಹಾಡುತ್ತಾರೆ ಎಂದು ಬರೆದಿಡಿ.

ಪ್ರಶ್ನೆ: ಕಣ್ಣು ಕಾಣದವರಿಗಾಗಿ ಫೋಟೊಗಳಿಗೆ ವಿವರಣೆ ಬರೆಯಬೇಕಂತೆ. ಏನು ಬರೆಯೋದು, ಎಷ್ಟು ಬರೆಯೋದು? (ಪಾಂಡವಪುರ)

ಉತ್ತರ: ಫೋನಿನಲ್ಲಿ ಒಬ್ಬ ಸ್ನೇಹಿತರಿಗೆ ಆ ಫೋಟೊ ಬಗ್ಗೆ ಹೇಳುತ್ತಿದ್ದೀರಿ ಅಂದುಕೊಳ್ಳಿ. ನೀವು ಕಳಿಸಿದ ಫೋಟೊವನ್ನೇ ತಗೊಳ್ಳೋಣ. ಈಗ ಅದರ ವಿವರಣೆಯ ಜಾಗದಲ್ಲಿರುವುದು "ಹಳೆಯ ಚಿತ್ರ 14". ನಾನಾದರೆ ಹೀಗೆ ಬರೆಯುತ್ತೇನೆ: "ಆಲೆಮನೆ. ಅಗಲವಾದ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿದೆ. ಹಬೆಯ ಹಿಂದೆ ಬನಿಯನ್ ತೊಟ್ಟ ಇಬ್ಬರು ಉದ್ದನೆ ಕೋಲಿನಿಂದ ಕಲಕುತ್ತಿದ್ದಾರೆ. ಬಲಗಡೆ ಅಚ್ಚುಬೆಲ್ಲದ ಸಾಲು, ಅದರ ಪಕ್ಕ ಕೈಚಾಚಿ ನಿಂತ ಒಂದು ಮಗು." ಅಷ್ಟು ಸಾಕು. "ಇದೊಂದು ಫೋಟೊ" ಎಂದು ಶುರು ಮಾಡುವುದು ಬೇಡ, ಚಿತ್ರ ಎಂದು ಸ್ಕ್ರೀನ್ ರೀಡರೇ ಹೇಳುತ್ತದೆ. ಕಾಣುವುದನ್ನು ಬರೆಯಿರಿ, ಊಹೆ ಬೇಡ. ಯಾವ ಇಸವಿ, ಯಾವ ಊರು ಎಂಬುದು ಎಲ್ಲರಿಗೂ ಬೇಕಾದದ್ದು, ಅದನ್ನು ಚಿತ್ರದ ಕೆಳಗೆ ಎಲ್ಲರಿಗೂ ಕಾಣುವಂತೆ ಹಾಕಿ.

ಪುಟದ ಅಂಚಿಗೆ ಹಾಕಿರುವ ಮಾವಿನ ತೋರಣದ ಚಿತ್ರಕ್ಕೆ ಮಾತ್ರ ವಿವರಣೆಯನ್ನು ಬೇಕಂತಲೇ ಖಾಲಿ ಬಿಡಿ. ಇಲ್ಲದಿದ್ದರೆ ಪ್ರತಿ ಪುಟದಲ್ಲೂ ತೋರಣ, ತೋರಣ ಅಂತ ಕೇಳಿ ತಲೆ ಚಿಟ್ಟುಹಿಡಿಯುತ್ತದೆ.

ಪ್ರಶ್ನೆ: ಅಪ್ಪನಿಗೆ ಕಣ್ಣಿನ ಪೊರೆ. ಇಂಥ ತಾಣಗಳಲ್ಲಿ ಅಕ್ಷರ ದೊಡ್ಡದು ಮಾಡಿದರೂ ಓದಲಾಗುವುದಿಲ್ಲ ಅಂತಾರೆ. (ಮದ್ದೂರು)

ಉತ್ತರ: ಹಳೆಯ ಕಾಗದದ ಕಳೆ ಬರಲಿ ಎಂದು ತಿಳಿಹಳದಿ ಹಿನ್ನೆಲೆಗೆ ತಿಳಿಕಂದು ಅಕ್ಷರ ಇಡುತ್ತಾರಲ್ಲ, ಅದೇ ಕಾರಣ ಇರಬಹುದು. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕು. ಕನ್ನಡಕ್ಕೆ ಇನ್ನೊಂದು ತೊಡಕಿದೆ. ಸಾಲಿನ ಎತ್ತರವನ್ನು ಇಂಗ್ಲಿಷಿನ ಅಳತೆಗೆ ಕಟ್ಟಿಹಾಕಿದ್ದರೆ, ಅಕ್ಷರ ದೊಡ್ಡದಾದಾಗ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ. "ಶಾಸ್ತ್ರ" ಎಂಬಲ್ಲಿ ಕೆಳಗಿನ ಎರಡು ಒತ್ತೂ ಮಾಯವಾದರೆ ಓದುವುದೇನು? ತಾಣದವರಿಗೆ ಈ ಪುಟವನ್ನೇ ತೋರಿಸಿ. ಅಲ್ಲಿಯವರೆಗೆ ಅಲಂಕಾರ ತೆಗೆದು ಪಠ್ಯ ಮಾತ್ರ ತೋರಿಸುವ ಬ್ರೌಸರಿನ ರೀಡರ್ ನೋಟದಲ್ಲಿ ತೆರೆದುಕೊಡಿ, ಪಠ್ಯ ಇರುವ ಪುಟವಾದರೆ ಅಪ್ಪನಿಗೆ ಸುಲಭವಾಗುತ್ತದೆ.

ಪ್ರಶ್ನೆ: ನಮ್ಮದು ಸಣ್ಣ ಗ್ರಂಥಾಲಯ. ಕಾಪಿರೈಟ್ ಇನ್ನೂ ಮುಗಿಯದ ಪುಸ್ತಕವನ್ನು ದೃಷ್ಟಿ ಇಲ್ಲದ ಓದುಗರಿಗೆ ಪಠ್ಯ ಮಾಡಿ ಕೊಡಬಹುದಾ? (ಶ್ರೀರಂಗಪಟ್ಟಣ)

ಉತ್ತರ: ಕೊಡಬಹುದು. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯಲ್ಲಿ ಅಂಗವಿಕಲರಿಗಾಗಿ ಈ ಅವಕಾಶ ಇದೆ. ಲಾಭ ಮಾಡುವಂತಿಲ್ಲ, ತಗುಲಿದ ಖರ್ಚು ಮಾತ್ರ ಪಡೆಯಬಹುದು. ಪ್ರತಿ ಬೇರೆಯವರ ಕೈಗೆ ಸೋರದಂತೆ ನೋಡಿಕೊಳ್ಳಬೇಕು, ಹಾಗಾಗಿ ತೆರೆದ ತಾಣದಲ್ಲಿ ಹಾಕಬೇಡಿ, ಲಾಗಿನ್ ಕೊಟ್ಟು ಆ ಓದುಗರಿಗಷ್ಟೇ ತೆರೆಯಿರಿ. ಇದೇ ಉದ್ದೇಶದ ಅಂತರರಾಷ್ಟ್ರೀಯ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು. ಕೆಲಸಕ್ಕೆ ಕೈಹಾಕುವ ಮುಂಚೆ ಸುಗಮ್ಯ ಪುಸ್ತಕಾಲಯದಲ್ಲಿ ಒಮ್ಮೆ ಹುಡುಕಿ. ಅಚ್ಚಿನ ಪುಸ್ತಕ ಓದಲಾಗದವರಿಗಾಗಿ 2016ರಲ್ಲಿ ಶುರುವಾದ ಆನ್‌ಲೈನ್ ಗ್ರಂಥಾಲಯ ಅದು. ನಿಮಗೆ ಬೇಕಾದ ಪುಸ್ತಕವನ್ನು ಯಾರಾದರೂ ಆಗಲೇ ಮಾಡಿಟ್ಟಿದ್ದರೆ ನೀವು ಮುಂದಿನ ಪುಸ್ತಕ ಹಿಡಿಯಬಹುದು.